ಕೌದಿಯ ಮೇಲೆ ತಬಲಾ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನೌಕರಿ ಮಾಡಿದವಳು ನಾನು. ಆಳಂದದ ತವರುಮನೆಯ ಕಲ್ಲುಗೋಡೆ ಎರಡು ಮೊಳ ದಪ್ಪ. ಅಣ್ಣನ ತಬಲಾ ಓಣಿಗೆ ಕೇಳುತ್ತಿರಲಿಲ್ಲ. ಜೇವರ್ಗಿಯ ಬಾಡಿಗೆ ಮನೆಯಲ್ಲಿ ನೆರೆಯವರಿಗೂ ನಮಗೂ ಒಂದೇ ಇಟ್ಟಂಗಿ ಗೋಡೆ. ಮಗಳು ತಬಲಾ ಹಿಡಿದ ವಾರದಲ್ಲೇ ನೆರೆಯಾಕೆ ಬಂದರು: “ಅಕ್ಕೋರ, ನಮ್ಮ ಹುಡುಗಂದು ಪರೀಕ್ಷಾ ಅದ. ಹೆಣ್ಣುಹುಡುಗಿಗಿ ಇದೆಲ್ಲ ಯಾಕ ಬೇಕ್ರಿ?”

ಮೊದಲ ಮಾತು ನ್ಯಾಯವೇ. ಎರಡನೆಯದು ಚುಚ್ಚಿತು. ತಬಲಾದ ಮೇಲೆ ಟವೆಲ್ ಹೊದಿಸಿದೆ. “ಅವ್ವಾ, ಕೈಗೆ ನಾದಾನೇ ಸಿಗವಲ್ದು” ಎಂದಳು ಮಗಳು. ಚರ್ಮದ ನಡುವಿನ ಕಪ್ಪು ಶಾಯಿಯಿಂದಲೇ ನಮ್ಮ ಮೃದಂಗ, ತಬಲಾಗಳಿಗೆ ಸ್ವರ ಕೂಡುತ್ತದೆಂದು ಸಿ.ವಿ. ರಾಮನ್ 1934ರ ಲೇಖನದಲ್ಲಿ ವಿವರಿಸಿದ್ದರು. ಆ ಸ್ವರವನ್ನೇ ನಾನು ಮುಚ್ಚಿದ್ದೆ.

ಟವೆಲ್ ತೆಗೆದು, ಆ ಗೋಡೆಯಿಂದ ದೂರದ ಒಳಕೋಣೆಗೆ ಹೋದೆವು. ಶಹಾಬಾದಿ ಕಲ್ಲಿನ ನೆಲದ ಮೇಲೆ ಅವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಹಾಸಿ ಡಗ್ಗಾ ಇಟ್ಟಾಗ, ನೆಲಕ್ಕಿಳಿಯುವ ಗುಮ್ಮೆನ್ನುವ ಸದ್ದು ತಗ್ಗಿತು. ಬಾಗಿಲ ಸಂದಿಗೆ ಬಟ್ಟೆ ತುರುಕಿದೆವು. ಗಾಳಿ ನುಸುಳಿದಲ್ಲಿ ಸದ್ದೂ ನುಸುಳುತ್ತದೆ. ಪರೀಕ್ಷೆ ಮುಗಿಯುವತನಕ ಸಂಜೆ ಅರ್ಧ ತಾಸು ಮಾತ್ರ ತಬಲಾ; ಉಳಿದಂತೆ ಬಾಯಲ್ಲಿ ಬೋಲು, ತೊಡೆಯ ಮೇಲೆ ಬೆರಳು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ನಮಗೆ ನೆರೆಯಾಕೆಯ ಮುಖವೇ ಅಳತೆಗೋಲು.

ಅವರ ಎರಡನೆಯ ಮಾತಿಗೆ ಉತ್ತರ ಆಗಲೇ ಇತ್ತು. ಮುಂಬಯಿಯ ಆಬಾನ್ ಮಿಸ್ತ್ರಿ ತಬಲಾದಲ್ಲಿ ಹೆಸರಾಗಿದ್ದರು. ಬೆಂಗಳೂರಿನ ಘಟವಾದಕಿ ಸುಕನ್ಯಾ ರಾಮಗೋಪಾಲ್ 1995ರಲ್ಲಿ ಹೆಂಗಸರದೇ ತಾಳವಾದ್ಯ ತಂಡ ಕಟ್ಟಿದ್ದರು. ಅದನ್ನು ನಾನು ಹೇಳಲಿಲ್ಲ.

ನಿಜ ಹೇಳುತ್ತೇನೆ: ಟವೆಲ್ ಹೊದಿಸಿದ್ದು ಆ ಹುಡುಗನ ಪರೀಕ್ಷೆಗಾಗಿ ಅಲ್ಲ, ಆ ಎರಡನೆಯ ಮಾತಿಗೆ ಅಂಜಿ.