ಮುಟ್ಟಿ ನೋಡುವ ಮನೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನೆರೆಹೊರೆಯವರಂತೆ ನಿಂತಿರುವ ಎರಡು ವಸ್ತುಸಂಗ್ರಹಾಲಯಗಳಲ್ಲಿ ಹಿರಿಯದು 1865ರಲ್ಲಿ ಸ್ಥಾಪಿತವಾದದ್ದು. ಅಲ್ಲಿ, ಕಾಳಿಯೆಂಬ ಬೇಟೆನಾಯಿಯ ಶೌರ್ಯವನ್ನು ಸಾರುವ 949ರ ಆತಕೂರಿನ ಶಾಸನದ ಮುಂದೆ ನಿಲ್ಲುವ ಬಾಲಕನು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಅದೇ ಬಾಲಕನು ಕೆಲವು ಹೆಜ್ಜೆ ನಡೆದು ಕಿರಿಯದಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಹೊಕ್ಕನೆಂದರೆ, ಹಿಡಿಯನ್ನು ತಿರುಗಿಸು, ಗುಂಡಿಯನ್ನು ಒತ್ತು, ಹಗ್ಗವನ್ನು ಜಗ್ಗು ಎಂದು ಗೋಡೆಗಳೇ ಅವನಿಗೆ ಅಪ್ಪಣೆ ಕೊಡುತ್ತವೆ. ಎರಡು ಮನೆಗಳ ಶಾಸ್ತ್ರವೂ ಸರಿಯೇ. ಸಾವಿರ ವರ್ಷ ಮಳೆಗಾಳಿಗಳನ್ನು ತಾಳಿದ ಅಕ್ಷರ ಸಾವಿರ ಮಕ್ಕಳ ಬೆರಳುಗಳನ್ನು ತಾಳಲಾರದು. ಯಂತ್ರವಾದರೋ, ಚಲಿಸದೆ ಸುಮ್ಮನೆ ಕುಳಿತಿದ್ದರೆ ತನ್ನ ವಿಷಯದಲ್ಲಿ ಏನನ್ನೂ ಹೇಳಲಾರದು. ಆದರೆ ಈ ಎರಡನೆಯ ಶಾಸ್ತ್ರವು ಲೋಕಕ್ಕೆ ತೀರ ಈಚಿನದು.

ಹಾಗೆಂದು ಅದು ಒಬ್ಬನ ತಲೆಯಿಂದಲೇ ಹುಟ್ಟಿತೆನ್ನುವಂತಿಲ್ಲ. ಯಂತ್ರಗಳನ್ನು ಒಂದೆಡೆ ಕೂಡಿಹಾಕಿ ಜನರಿಗೆ ತೋರಿಸಿ ಬೋಧಿಸುವ ಸಂಸ್ಥೆಯೊಂದನ್ನು ಪ್ಯಾರಿಸ್ ನಗರವು 1794ರಷ್ಟು ಹಿಂದೆಯೇ ಕಟ್ಟಿಕೊಂಡಿತ್ತು. ಬರ್ಲಿನ್ನಿನ ಯುರೇನಿಯಾ ಎಂಬ ಸಂಸ್ಥೆಯು 1889ರಲ್ಲಿ ಬಾಗಿಲು ತೆರೆದಾಗ, ಬಂದವರು ತಾವೇ ಗುಂಡಿಯೊತ್ತಿ ನೋಡಬಹುದಾದ ಪ್ರಯೋಗಗಳು ಅಲ್ಲಿದ್ದವು. ಆದರೂ ಈ ಸಂಪ್ರದಾಯಕ್ಕೆ ದೊಡ್ಡ ಮನೆಯನ್ನೂ ಗಟ್ಟಿಯಾದ ಬೇರನ್ನೂ ಒದಗಿಸಿದ ಪುರುಷನನ್ನು ಹೆಸರಿಸಬೇಕಾದರೆ, ಮ್ಯೂನಿಕ್ ನಗರದ ಓಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರನನ್ನೇ ಹೆಸರಿಸಬೇಕು.

1855ರಲ್ಲಿ ಹುಟ್ಟಿದ ಈತನು ಮೊದಲು ವಿದ್ಯುಚ್ಛಕ್ತಿಯ ಮನುಷ್ಯ, ಆಮೇಲೆ ಸಂಗ್ರಹಾಲಯದ ಮನುಷ್ಯ. ಎರಡನೆಯದಕ್ಕೆ ಮೊದಲನೆಯದೇ ಕಾರಣವೆಂದು ನನ್ನ ಎಣಿಕೆ. ಕಣ್ಣಿಗೆ ಕಾಣದ, ಕಿವಿಗೆ ಕೇಳಿಸದ ಶಕ್ತಿಯೊಂದು ತಂತಿಯೊಳಗೆ ಹರಿದು ಬರುತ್ತಿದೆಯೆಂದು ಜನರನ್ನು ನಂಬಿಸುವುದು ಹೇಗೆ? 1882ರ ಮ್ಯೂನಿಕ್ ಪ್ರದರ್ಶನದಲ್ಲಿ ಆತನೂ ಫ್ರಾನ್ಸಿನ ಮಾರ್ಸೆಲ್ ದೆಪ್ರೆಯೂ ಕೂಡಿ 57 ಕಿಲೋಮೀಟರು ದೂರದ ಮೀಸ್‌ಬಾಖ್ ಎಂಬ ಊರಿನಿಂದ ವಿದ್ಯುತ್ತನ್ನು ತಂದರು. ದಾರಿಯಲ್ಲೇ ಬಹುಪಾಲು ಸೋರಿಹೋಗಿ ಉಳಿದ ಅಲ್ಪ ಶಕ್ತಿಯಿಂದ ಒಂದು ಪಂಪನ್ನು ನಡೆಸಿ, ಪ್ರದರ್ಶನದ ಗಾಜಿನ ಅರಮನೆಯೊಳಗೆ ಪುಟ್ಟ ಜಲಪಾತವೊಂದನ್ನು ಧುಮುಕಿಸಿದರು. 1891ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನಡೆದ ಪ್ರದರ್ಶನದ ಹೊಣೆ ಮಿಲ್ಲರನ ಮೇಲೆ ಬಿದ್ದಾಗ, ನೆಕ್ಕರ್ ನದಿಯ ದಂಡೆಯ ಲೌಫನ್ನಿನಿಂದ 175 ಕಿಲೋಮೀಟರು ದೂರ ತ್ರಿಮುಖ ಪರ್ಯಾಯ ಪ್ರವಾಹವಾಗಿ ಹರಿದು ಬಂದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಕೈಗೆ ದಕ್ಕಿತು. ಸುಮಾರು 1,000 ದೀಪಗಳು ಬೆಳಗಿದವು, ಮತ್ತೆ ಒಂದು ಜಲಪಾತವೂ ಧುಮ್ಮಿಕ್ಕಿತು. ನದಿಯ ನೀರಿನಿಂದ ಹುಟ್ಟಿದ ಶಕ್ತಿ ಅಷ್ಟು ದೂರ ಬಂದು ಪುನಃ ನೀರಾಗಿಯೇ ಬಿದ್ದದ್ದನ್ನು ಕಂಡ ಸಾಮಾನ್ಯನಿಗೆ ಬೇರೆ ಉಪನ್ಯಾಸ ಏಕೆ ಬೇಕು?

ಆ ತಂತಿಗೂ ನಮಗೂ ಸಂಬಂಧವುಂಟು. ಫ್ರಾಂಕ್‌ಫರ್ಟಿನಲ್ಲಿ ಸಾಧ್ಯವೆಂದು ತೋರಿಸಿಕೊಟ್ಟ ವಿಧಾನದಿಂದಲೇ, ಹನ್ನೊಂದು ವರ್ಷಗಳ ತರುವಾಯ, 1902ರಲ್ಲಿ, ಕಾವೇರಿಯ ಶಿವನಸಮುದ್ರದ ಜಲಪಾತವು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಆ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದುದರಿಂದ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ.

ಇತ್ತ ಮಿಲ್ಲರನು 1903ರಲ್ಲಿ ಮ್ಯೂನಿಕ್ಕಿನಲ್ಲಿ ಜರ್ಮನ್ ಸಂಗ್ರಹಾಲಯವೆಂಬ ಸಂಸ್ಥೆಗೆ ಅಡಿಪಾಯದ ಸಭೆಯನ್ನು ಕೂಡಿಸಿ, 1906ರಲ್ಲಿ ತಾತ್ಕಾಲಿಕವಾಗಿ ಪ್ರದರ್ಶನವನ್ನು ತೆರೆದನು. ಇಸಾರ್ ನದಿಯ ನಡುಗಡ್ಡೆಯ ಮೇಲಿನ ಶಾಶ್ವತ ಕಟ್ಟಡಕ್ಕೆ ಅದೇ ವರ್ಷ ಶಂಕುಸ್ಥಾಪನೆಯಾಯಿತಾದರೂ, ಮಹಾಯುದ್ಧವೂ ಹಣದ ಮುಗ್ಗಟ್ಟೂ ಅಡ್ಡಬಂದು, ಅದು ಜನರಿಗೆ ತೆರೆದದ್ದು 1925ರ ಮೇ 7ರಂದು, ಅವನ ಎಪ್ಪತ್ತನೆಯ ಹುಟ್ಟುಹಬ್ಬದ ದಿನ. ಗೆರಿಕೆ ಎಂಬ ವಿಜ್ಞಾನಿಯು ಗಾಳಿಯ ಒತ್ತಡವನ್ನು ತೋರಿಸಲು ಬಳಸಿದ ಮಾಗ್ಡೆಬರ್ಗ್ ಗೋಳಾರ್ಧಗಳಂಥ ಪೂಜ್ಯ ವಸ್ತುಗಳೂ ಅಲ್ಲಿದ್ದವು; ಅವುಗಳನ್ನು ಯಾರೂ ಮುಟ್ಟುವಂತಿರಲಿಲ್ಲವೆಂಬುದೂ ನಿಜವೇ. ಆದರೆ ಅವುಗಳ ಪಕ್ಕದಲ್ಲಿ, ಒಳಗಿನ ಚಲನೆ ಕಾಣುವಂತೆ ಹೊಟ್ಟೆ ಸೀಳಿಟ್ಟ ಎಂಜಿನುಗಳು, ಬಂದವನು ತಾನೇ ನಡೆಸಿ ನೋಡಬಹುದಾದ ಮಾದರಿಗಳು, ನೆಲಮಾಳಿಗೆಯಲ್ಲಿ ಬಗ್ಗಿಕೊಂಡು ನಡೆಯಬೇಕಾದ ಗಣಿಯ ಸುರಂಗಗಳು. ದೂರದೂರಿನ ಬಡ ವಿದ್ಯಾರ್ಥಿಗಳೂ ಕಾರ್ಮಿಕರೂ ಬಂದು ನೋಡಿಹೋಗುವುದಕ್ಕೆ ಪ್ರಯಾಣದ ಖರ್ಚನ್ನು ಕೊಡುವ ನಿಧಿಯೊಂದನ್ನು ಆ ಸಂಸ್ಥೆ ಇಟ್ಟಿತ್ತೆಂಬುದು ನನಗೆ ಅಲ್ಲಿಯ ಯಾವ ಯಂತ್ರಕ್ಕಿಂತಲೂ ದೊಡ್ಡದಾಗಿ ತೋರುತ್ತದೆ.

ಮಕ್ಕಳು ಈ ಮನೆಯ ಮರ್ಮವನ್ನು ಹಿರಿಯರಿಗಿಂತ ಬೇಗ ಅರಿತರು. ಷಿಕಾಗೋ ನಗರದ ವರ್ತಕ ಜೂಲಿಯಸ್ ರೋಸನ್‌ವಾಲ್ಡನು 1911ರಲ್ಲಿ ಕುಟುಂಬಸಮೇತನಾಗಿ ಮ್ಯೂನಿಕ್ಕಿಗೆ ಬಂದಿದ್ದಾಗ ಅವನ ಎಂಟು ವರ್ಷದ ಮಗ ಆ ಪ್ರದರ್ಶನಕ್ಕೆ ಮರುಳಾದನಂತೆ. ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡ ತಂದೆಯ ಧನದಿಂದ 1933ರಲ್ಲಿ ಷಿಕಾಗೋದಲ್ಲಿಯೂ ಅಂಥದೇ ಸಂಗ್ರಹಾಲಯ, ಕಲ್ಲಿದ್ದಲ ಗಣಿಯ ಸಮೇತವಾಗಿ, ತೆರೆಯಿತು. ಲಂಡನ್ನಿನವರು 1931ರಲ್ಲಿಯೇ ಮಕ್ಕಳಿಗಾಗಿ ಒಂದು ಅಂಕಣವನ್ನು ಮಾಡಿದ್ದರು.

ಭಾರತಕ್ಕೆ ಈ ಪದ್ಧತಿ ಕಲ್ಕತ್ತೆಯ ಮೂಲಕ, 1959ರಲ್ಲಿ ಅಲ್ಲಿ ತೆರೆದ ಬಿರ್ಲಾ ಸಂಗ್ರಹಾಲಯದೊಡನೆ, ಬಂದಿತು. ಬೆಂಗಳೂರಿನ ಕಟ್ಟಡವನ್ನು ನೆಹರೂ ಅವರು 1962ರ ಜುಲೈನಲ್ಲಿ ಉದ್ಘಾಟಿಸಿದರು. ನೂರೊಂದು ವರ್ಷ ಬಾಳಿದ ವಿಶ್ವೇಶ್ವರಯ್ಯನವರು ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಕಣ್ಮುಚ್ಚಿದ್ದರು. 1965ರಲ್ಲಿ ಇಂದಿರಾ ಗಾಂಧಿಯವರು ಅಲ್ಲಿಯ ಮೊದಲನೆಯ ಅಂಕಣವನ್ನು ತೆರೆದಾಗ ಅದರ ವಸ್ತು ಬೇರೆ ಯಾವುದೂ ಆಗಿರಲಿಲ್ಲ, ವಿದ್ಯುಚ್ಛಕ್ತಿಯೇ. ಅದೇ ವರ್ಷ ಕಲ್ಕತ್ತೆಯವರು ಪ್ರದರ್ಶನವಸ್ತುಗಳನ್ನು ಬಸ್ಸಿಗೇರಿಸಿ ಹಳ್ಳಿಗಳ ಕಡೆಗೆ ಕಳುಹಿಸಿದರು. ಮುಂದೆ ಬೆಂಗಳೂರಿನಿಂದಲೂ ಅಂಥ ಬಸ್ಸುಗಳು ಹೊರಟು ನಮ್ಮ ಶಾಲೆಗಳ ಅಂಗಳಗಳಲ್ಲಿ ನಿಂತವು. ಮ್ಯೂನಿಕ್ಕು ಹುಡುಗರಿಗೆ ಹಾದಿಖರ್ಚು ಕೊಟ್ಟು ಕರೆಸಿಕೊಂಡಿತು; ನಾವು ಸಂಗ್ರಹಾಲಯವನ್ನೇ ಹುಡುಗರ ಬಳಿಗೆ ಅಟ್ಟಿದೆವು.

ಇಂಥ ಮನೆಗಳ ಕಾರ್ಖಾನೆಯನ್ನು ಪ್ರೇಕ್ಷಕರು ನೋಡುವುದು ಅಪರೂಪ. ಮುಟ್ಟಿಸಿಕೊಳ್ಳುವ ಯಂತ್ರ ಸವೆಯಲೇಬೇಕು, ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಎಲ್ಲಕ್ಕಿಂತ ಮುಂಚೆ ಕೆಡಬೇಕು. ಆದಕಾರಣ ಬಡಗಿಯೂ ಫಿಟ್ಟರೂ ವಿದ್ಯುತ್ ಕೆಲಸದವನೂ ಹಿಂಬದಿಯ ಕೋಣೆಯಲ್ಲಿ ಕುಳಿತು, ಕಿತ್ತುಬಂದ ಹಿಡಿಗಳನ್ನು ಮತ್ತೆ ಕೂರಿಸುತ್ತ, ಸಿಕ್ಕಿಕೊಂಡ ಗುಂಡಿಗಳನ್ನು ಬಿಡಿಸುತ್ತ ಇರುತ್ತಾರೆ. ಇಲ್ಲಿ ತೂಗಹಾಕುವ ಫಲಕ ಮುಟ್ಟಬೇಡಿ ಎಂಬುದಲ್ಲ, ದುರಸ್ತಿಯಲ್ಲಿದೆ ಎಂಬುದು. ಆ ಫಲಕವನ್ನು ಗಟ್ಟಿಯಾಗಿ ಓದಿದ ಮೇಲೂ, ಗುಂಡಿಯನ್ನು ಒಂದು ಸಲ ಒತ್ತಿನೋಡದೆ ಮುಂದೆ ಹೋದ ಹುಡುಗನನ್ನು ನಾನಂತೂ ಕಂಡಿಲ್ಲ.