ಹೊಟ್ಟೆಗೆ ಹಾಕಿದ ಕತ್ತರಿ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಎಪ್ಪತ್ತು ವರ್ಷ

2022ರ ಫೆಬ್ರವರಿಯಲ್ಲಿ ಉಜ್ಜಯಿನಿಯ ಒಂದು ಸಮಾರಂಭದಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಅಲ್ಲಿನ ಸಂಸದ ಅನಿಲ್ ಫಿರೋಜಿಯಾ ಅವರ ಮುಂದೆ ತಮಾಷೆಯ ಪಂಥವೊಂದನ್ನು ಇಟ್ಟರು. ಸಂಸದರು ಇಳಿಸುವ ಒಂದೊಂದು ಕಿಲೋ ತೂಕಕ್ಕೂ ಕ್ಷೇತ್ರಕ್ಕೆ ಸಾವಿರ ಕೋಟಿ ರೂಪಾಯಿ. ತಾವೇ ಒಂದು ಕಾಲಕ್ಕೆ 135 ಕಿಲೋ ಇದ್ದುದಾಗಿಯೂ ಈಗ 93ಕ್ಕೆ ಬಂದಿರುವುದಾಗಿಯೂ ಹಳೆಯ ಫೋಟೋ ನೋಡಿದವರಿಗೆ ತಮ್ಮ ಗುರುತೇ ಸಿಗುವುದಿಲ್ಲವೆಂದೂ ಹೇಳಿದರು. ಫಿರೋಜಿಯಾ ಪಂಥವನ್ನು ಗಂಭೀರವಾಗಿಯೇ ತೆಗೆದುಕೊಂಡರು. ವ್ಯಾಯಾಮ, ಯೋಗ, ಪಥ್ಯ ಎಂದು ಹೊರಟು ಕೆಲವೇ ತಿಂಗಳಲ್ಲಿ 15 ಕಿಲೋ ಇಳಿಸಿ ಸುದ್ದಿಯಾದರು.

ಗಡ್ಕರಿಯವರ 135 ಮತ್ತು 93ರ ನಡುವೆ ಒಂದು ಶಸ್ತ್ರಚಿಕಿತ್ಸೆಯೂ ಇದೆ. 2011ರ ಸೆಪ್ಟೆಂಬರ್‌ನಲ್ಲಿ, ಅವರು ಬಿಜೆಪಿಯ ರಾಷ್ಟ್ರೀಯ ಅಧ್ಯಕ್ಷರಾಗಿದ್ದಾಗ, ಮುಂಬೈನಲ್ಲಿ ಡಾ. ಮುಫಝ್ಝಲ್ ಲಕ್ಡಾವಾಲಾ ಅವರ ಕೈಯಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ನಾಗಪುರದವರ ಮಟ್ಟಿಗೆ ಇದು ಮನೆಯ ಸುದ್ದಿ. ತರ‍್ರಿ ಪೋಹಾ, ಸಾವಜಿ ಮಟನ್, ಕಿತ್ತಳೆ ಬರ್ಫಿಯ ಆ ಊರಿನಲ್ಲಿ ಗಡ್ಕರಿಯವರ ಊಟದ ಪ್ರೀತಿ ಗೊತ್ತಿಲ್ಲದವರು ಕಡಿಮೆ. ಅಂಥವರೇ ಹೊಟ್ಟೆಗೆ ಕತ್ತರಿ ಹಾಕಿಸಿಕೊಂಡರೆಂದರೆ, ಅದು ಸಿನಿಮಾದವರ ಚಪಲವಲ್ಲ, ಕಾಯಿಲೆಗೆ ಮಾಡುವ ಚಿಕಿತ್ಸೆ ಎಂಬ ಮಾತು ಊರಿನಲ್ಲಿ ಓಡಾಡಲು ಅಷ್ಟು ಸಾಕು.

ಇಂದು ಅದಕ್ಕಾಗಿ ನಾಗಪುರದಿಂದ ಎಂಟುನೂರು ಕಿಲೋಮೀಟರ್ ದಾಟಿ ಮುಂಬೈಗೆ ಹೋಗಬೇಕಿಲ್ಲ. ಧಂತೋಲಿ, ರಾಮದಾಸಪೇಟೆಗಳ ಆಸ್ಪತ್ರೆ ಸಾಲಿನಲ್ಲೇ ಆಗುತ್ತದೆ. ಹುಬ್ಬಳ್ಳಿ, ಮೈಸೂರುಗಳಲ್ಲೂ ಆಗುತ್ತದೆ. ಅಲ್ಲಿ ಕೂತ ರೋಗಿಯ ಮುಂದೆ ವೈದ್ಯರು ಮೂರು ಚಿತ್ರ ಬಿಡಿಸುತ್ತಾರೆ: ಸ್ಲೀವ್, ಬೈಪಾಸ್, ಮಿನಿ ಬೈಪಾಸ್. ಜೊತೆಗೆ ಒಂದು ಉದ್ದ ಪಟ್ಟಿ: ಎಂಡೋಸ್ಕೋಪಿ, ನಿದ್ದೆಯ ಪರೀಕ್ಷೆ, ವಿಟಮಿನ್ ಪರೀಕ್ಷೆ, ಆಹಾರ ತಜ್ಞರು, ಮನೋವೈದ್ಯರು, ಎರಡು ವಾರದ ಪಥ್ಯ. ಬಿಲ್ಲು ಬೆಳೆಸಲು ಬರೆದ ಪಟ್ಟಿಯಂತೆ ಅದು ಕಾಣುವುದು ಸಹಜ. ಆದರೆ ಆ ಮೂರು ಚಿತ್ರಗಳೂ ಈ ಪಟ್ಟಿಯೂ ಒಂದೇ ದಿನ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಹಳೆಯ ಒಂದು ಸೋಲಿದೆ.

ಮೊದಲು ಕತ್ತರಿ ಬಿದ್ದದ್ದು ಹೊಟ್ಟೆಗಲ್ಲ, ಕರುಳಿಗೆ. 1954ರಲ್ಲಿ ಅಮೆರಿಕದ ಮಿನೆಸೋಟದ ಆರ್ನಾಲ್ಡ್ ಕ್ರೆಮೆನ್ ಮತ್ತು ಸಂಗಡಿಗರು ಸಣ್ಣಕರುಳಿನ ಬಹುಭಾಗವನ್ನು ಪಕ್ಕಕ್ಕಿಟ್ಟು ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುವ ವಿಧಾನವನ್ನು ಲೋಕಕ್ಕೆ ಹೇಳಿದರು. ತರ್ಕ ಸರಳ: ತಿಂದದ್ದು ಮೈಗೆ ಹತ್ತದಿದ್ದರೆ ತೂಕ ಏರುವುದಾದರೂ ಹೇಗೆ? 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಪೇನ್ ಮತ್ತು ಡಿವಿಂಡ್ ಇದಕ್ಕೊಂದು ಅಳತೆ ಕೊಟ್ಟರು. ಕರುಳಿನ ಮೇಲ್ಭಾಗದ 14 ಇಂಚು, ಕೆಳಭಾಗದ 4 ಇಂಚು, ಅಷ್ಟೇ ಕೆಲಸಕ್ಕೆ. ಆರು ಮೀಟರಿನಷ್ಟು ಉದ್ದದ ಕರುಳಿನಲ್ಲಿ ಊಟಕ್ಕೆ ಉಳಿದ ದಾರಿ ಅರ್ಧ ಮೀಟರಿಗೂ ಕಡಿಮೆ. ಸಾವಿರಾರು ಜನ ಮಾಡಿಸಿಕೊಂಡರು. ತೂಕ ಇಳಿಯಿತು, ನಿಜ. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ವಿಟಮಿನ್ ಎ ಇಲ್ಲದೆ ಇರುಳುಗಣ್ಣು, ಕೆಲವರಲ್ಲಿ ಯಕೃತ್ತೇ ಕೈಕೊಟ್ಟು ಸಾವು. ಹಲವರ ಕರುಳನ್ನು ಮತ್ತೆ ಹೊಟ್ಟೆ ತೆರೆದು ಮೊದಲಿನಂತೆ ಜೋಡಿಸಬೇಕಾಯಿತು. 1980ರ ಹೊತ್ತಿಗೆ ಈ ಶಸ್ತ್ರಚಿಕಿತ್ಸೆ ಮೂಲೆ ಸೇರಿತು. ಇಂದು ಕತ್ತರಿ ಹಾಕುವ ಮೊದಲೇ ರಕ್ತದಲ್ಲಿ ವಿಟಮಿನ್ ಡಿ, ಬಿ12, ಕಬ್ಬಿಣ ಅಳೆಯುವುದು, ಆಮೇಲೂ ಜೀವನಪರ್ಯಂತ ಅಳೆಯುತ್ತಲೇ ಇರುವುದು ಆ ಇಪ್ಪತ್ತೈದು ವರ್ಷ ಕಲಿಸಿದ ಪಾಠ. ಮೊಟ್ಟೆಯನ್ನೂ ಮುಟ್ಟದ ಮನೆಗಳಿಂದ ಬಂದವರ ಬಿ12 ಮೊದಲೇ ತಳ ಕಂಡಿರುತ್ತದೆ. ಹಾಗಾಗಿ ನಮ್ಮಲ್ಲಿ ಈ ಪಾಠಕ್ಕೆ ಇನ್ನೂ ಹೆಚ್ಚು ಬೆಲೆ.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಕಣ್ಣಿಗೆ ಬಿದ್ದದ್ದು ಬೇರೆಯೇ ಸಂಗತಿ. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪಗಾಗಲು ಪರದಾಡುತ್ತಿದ್ದರು. ಬೇರೊಂದು ಕಾಯಿಲೆಯ ಚಿಕಿತ್ಸೆಯಲ್ಲಿ ತೊಂದರೆ ಎನಿಸಿದ್ದೇ ಇಲ್ಲಿ ಗುಣವಾಗಬಹುದಲ್ಲ? 1966ರಲ್ಲಿ ಅವರೂ ಇಟೊ ಅವರೂ ಜಠರದ ಮೇಲ್ತುದಿಯನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ ಅದಕ್ಕೆ ನೇರವಾಗಿ ಕರುಳನ್ನು ಹೊಲಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್. ಉಳಿದ ದೊಡ್ಡ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅತ್ತ ಸುಳಿಯುವುದಿಲ್ಲ. ಪಿತ್ತರಸ ಚೀಲದತ್ತ ಹಿಂದೆ ಉಕ್ಕದಿರಲಿ ಎಂದು 1977ರ ಹೊತ್ತಿಗೆ ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸತೊಡಗಿದರು. ಆ ಜೋಡಣೆ ಹತ್ತೊಂಬತ್ತನೇ ಶತಮಾನದ ಸ್ವಿಸ್ ಶಸ್ತ್ರವೈದ್ಯ ಸೀಸರ್ ರೂ ಅವರದು. ‘ರೂ-ಎನ್-ವೈ’ ಎಂಬ ಹೆಸರು ಬಂದದ್ದು ಹೀಗೆ.

ಮೇಸನ್ ಅಲ್ಲಿಗೆ ನಿಲ್ಲಲಿಲ್ಲ. ಕರುಳಿನ ಗೋಜೇ ಬೇಡವೆಂದು 1980ರಲ್ಲಿ ಜಠರವನ್ನು ಸ್ಟೇಪಲ್ ಮಾಡಿ, ದ್ವಾರಕ್ಕೆ ಪಟ್ಟಿ ಕಟ್ಟುವ ವಿಧಾನ ತಂದರು. ಹೆಚ್ಚು ಉಂಡರೆ ಹೊಟ್ಟೆ ಒಪ್ಪದು. ಮನುಷ್ಯ ಮಾತ್ರ ಉಪಾಯಗಾರ. ರೊಟ್ಟಿ ಇಳಿಯದಿದ್ದರೇನು, ಐಸ್‌ಕ್ರೀಮು, ಮಿಲ್ಕ್‌ಶೇಕು ಸಲೀಸಾಗಿ ಇಳಿಯುತ್ತವೆ! ವರ್ಷಗಳು ಕಳೆದಂತೆ ಬಹಳ ಜನರ ತೂಕ ಹಿಂತಿರುಗಿತು. ಹಿಗ್ಗಿಸಿ ಕುಗ್ಗಿಸಬಲ್ಲ ಸಿಲಿಕೋನ್ ಬ್ಯಾಂಡಿನ ಕತೆಯೂ ಹೆಚ್ಚುಕಡಿಮೆ ಇದೇ. ಕೊಯ್ಯುವುದಿಲ್ಲ, ಬೇಡವಾದರೆ ತೆಗೆಯಬಹುದು ಎಂದು ಎರಡು ದಶಕ ಮೆರೆಯಿತು. ಆಮೇಲೆ ಜಾರುವುದು, ಒಳಗೆ ಕೊರೆಯುವುದು, ತೂಕ ಇಳಿಯದಿರುವುದು ಎಂದು ತೆಗೆಸಿಕೊಳ್ಳುವವರೇ ಹೆಚ್ಚಾದರು. ಆಹಾರ ತಜ್ಞರೂ ಮನೋವೈದ್ಯರೂ ಪಟ್ಟಿಯಲ್ಲಿರುವುದಕ್ಕೆ ಆ ಐಸ್‌ಕ್ರೀಮೇ ಕಾರಣ ಎಂದರೆ ತಪ್ಪಾಗದು. ಏನು ತಿನ್ನುತ್ತೀರಿ ಎಂಬುದಕ್ಕಿಂತ ಯಾವಾಗ, ಯಾವ ಬೇಸರಕ್ಕೆ ತಿನ್ನುತ್ತೀರಿ ಎಂಬುದು ಅವರ ಪ್ರಶ್ನೆ.

ಈ ಕತೆಯ ಅತಿ ದೊಡ್ಡ ಅಚ್ಚರಿಯನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಬೈಪಾಸ್ ಆದ ಸಕ್ಕರೆ ಕಾಯಿಲೆಯವರಲ್ಲಿ, ತೂಕ ಇನ್ನೂ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರುತ್ತಿತ್ತು. ಉತ್ತರ ಕೆರೊಲಿನಾದ ವಾಲ್ಟರ್ ಪೋರಿಸ್ 1995ರಲ್ಲಿ ಲೆಕ್ಕ ಮುಂದಿಟ್ಟರು: 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಮರಳಿತ್ತು. ಕರುಳಿನ ಹಾರ್ಮೋನುಗಳ ಅಧ್ಯಯನ ಇದರ ಬೆನ್ನಿಗೆ ಬಿತ್ತು. ಶಸ್ತ್ರಚಿಕಿತ್ಸೆಯ ಉದ್ದೇಶವೇ ಬದಲಾಯಿತು. ತಕ್ಕಡಿಯ ಮುಳ್ಳಿನ ಜೊತೆಗೆ ಸಕ್ಕರೆಯ ಅಂಕಿಯೂ ಗುರಿಯಾಯಿತು. 2011ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಮಧುಮೇಹದ ಚಿಕಿತ್ಸೆಯೆಂದೇ ಒಪ್ಪಿಕೊಂಡಿತು. ನಾಗಪುರದ ನಾಯಕರು ಮುಂಬೈಯ ಆಪರೇಷನ್ ಟೇಬಲ್ ಏರಿದ್ದು ಅದೇ ವರ್ಷ.

ಇನ್ನು ಸ್ಲೀವ್. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ಈ ಶಸ್ತ್ರಚಿಕಿತ್ಸೆ ಸ್ವತಂತ್ರವಾಗಿ ಹುಟ್ಟಿದ್ದೇ ಅಲ್ಲ. 1993ರಿಂದ ಬೈಪಾಸನ್ನು ಲ್ಯಾಪರೋಸ್ಕೋಪಿಯಲ್ಲಿ, ಸಣ್ಣ ರಂಧ್ರಗಳ ಮೂಲಕ, ಮಾಡತೊಡಗಿದ್ದರು. 2000ದ ಸುಮಾರಿಗೆ ನ್ಯೂಯಾರ್ಕಿನಲ್ಲಿ ಮಿಷೆಲ್ ಗಾನ್ಯೆ ಅವರ ಬಳಿ ಬರುತ್ತಿದ್ದ ಅತಿ ಭಾರದ ರೋಗಿಗಳಿಗೆ ದೀರ್ಘ ಶಸ್ತ್ರಚಿಕಿತ್ಸೆ ತಾಳುವ ಶಕ್ತಿ ಇರಲಿಲ್ಲ. ಅದಕ್ಕೆ ಕೆಲಸವನ್ನು ಎರಡು ಕಂತು ಮಾಡಿದರು. ಮೊದಲು ಜಠರದ ಮುಕ್ಕಾಲು ಪಾಲು ಕತ್ತರಿಸಿ ಬಾಳೆಹಣ್ಣಿನಂಥ ಕೊಳವೆ ಉಳಿಸುವುದು, ತೂಕ ಇಳಿದ ಮೇಲೆ ಕರುಳಿನ ಕೆಲಸ. ಎಷ್ಟೋ ಮಂದಿಗೆ ಮೊದಲ ಕಂತಿನಲ್ಲೇ ಇಳಿದದ್ದು ಸಾಕಾಯಿತು, ಎರಡನೆಯದರ ಅಗತ್ಯವೇ ಬೀಳಲಿಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಅನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಷ್ಟೇ ಗುರುತಿಸಿದ್ದರು. ಅದು ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಭಾಗದಲ್ಲೇ.

ಮಿನಿ ಬೈಪಾಸ್ 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಶುರುಮಾಡಿದ್ದು. ವೈ ಆಕಾರದ ಎರಡು ಜೋಡಣೆಗಳ ಬದಲು ಒಂದೇ. ಬೇಗ ಮುಗಿಯುತ್ತದೆ, ಸಕ್ಕರೆಯ ಮೇಲೆ ಪರಿಣಾಮ ಜೋರು. ಪಿತ್ತರಸ ಉಕ್ಕುವ ಹಳೆಯ ಚಿಂತೆ ಮಾತ್ರ ಮತ್ತೆ ಬಾಗಿಲಿಗೆ ಬಂತು. 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ತೂಕ ಇಳಿಸುವುದರಲ್ಲಿ ಅದು ರೂ-ಎನ್-ವೈಗೆ ಕಡಿಮೆಯಿರಲಿಲ್ಲ, ಪೋಷಕಾಂಶದ ಕೊರತೆಯ ತೊಂದರೆಗಳು ಮಾತ್ರ ಹೆಚ್ಚಿದ್ದವು. ಬೇಳೆ, ಮೊಸರು, ಪನೀರಿನಲ್ಲೇ ದಿನಕ್ಕೆ 60 ಗ್ರಾಂ ಪ್ರೊಟೀನ್ ಹೊಂದಿಸಬೇಕಾದವರು ಇದನ್ನು ಎರಡು ಸಲ ಯೋಚಿಸಿಯೇ ಒಪ್ಪಬೇಕು.

ಹಾಗಾದರೆ ಯಾವುದು? ಫಿನ್ಲೆಂಡಿನಲ್ಲಿ 240 ರೋಗಿಗಳಿಗೆ ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಸ್ಲೀವ್, ಅರ್ಧ ಜನಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ಹಿಂಬಾಲಿಸಿದರು. 2022ರ ಫಲಿತಾಂಶದ ಪ್ರಕಾರ ಸ್ಲೀವ್‌ನವರು ಹೆಚ್ಚುವರಿ ತೂಕದ ಶೇ. 43.5ರಷ್ಟು, ಬೈಪಾಸ್‌ನವರು ಶೇ. 51.9ರಷ್ಟು ಇಳಿಸಿದ್ದರು. ತೂಕದ ಈ ಅಂತರಕ್ಕಿಂತ ಅನ್ನನಾಳದ ಉರಿಯೂತದ ಅಂತರ ಕಣ್ಣಿಗೆ ಹೊಡೆಯುತ್ತದೆ: ಸ್ಲೀವ್‌ನವರಲ್ಲಿ ಶೇ. 31, ಬೈಪಾಸ್‌ನವರಲ್ಲಿ ಶೇ. 7. ಮೊದಲೇ ಎದೆಯುರಿಯಿಂದ ನರಳುವವರಿಗೆ ಸ್ಲೀವ್ ಒಗ್ಗುವುದು ಕಷ್ಟ. ಎಂಡೋಸ್ಕೋಪಿ ಬೇಕಾಗುವುದು ಇದನ್ನು ತಿಳಿಯಲಿಕ್ಕೆ. ಬೈಪಾಸ್ ಮಾಡಿಸಿಕೊಳ್ಳುವವರಿಗೆ ಅದಕ್ಕೆ ಇನ್ನೊಂದು ಕಾರಣವೂ ಇದೆ. ಆಮೇಲೆ ಉಳಿದ ಜಠರದೊಳಗೆ ಸುಲಭವಾಗಿ ಇಣುಕಿ ನೋಡುವ ದಾರಿ ಇರುವುದಿಲ್ಲ, ನೋಡುವುದಿದ್ದರೆ ಮೊದಲೇ ನೋಡಿಬಿಡಬೇಕು. ಬೀಡಿ, ಸಿಗರೇಟು ಬಿಡದವರಿಗೂ ಕೀಲುನೋವಿಗೆ ದಿನಾ ಗುಳಿಗೆ ನುಂಗುವವರಿಗೂ ಬೈಪಾಸ್‌ನ ಹೊಲಿಗೆಯ ಜಾಗದಲ್ಲಿ ಹುಣ್ಣಾಗುವ ಭಯ. ಸ್ಲೀವ್‌ನಲ್ಲಿ ತೆಗೆದ ಜಠರವನ್ನು ಮರಳಿ ಕೂಡಿಸಲಾಗದು. ಸಕ್ಕರೆ ಕಾಯಿಲೆ ಹಳೆಯದಾಗಿ ಇನ್ಸುಲಿನ್ ಹಿಡಿದಿದ್ದರೆ ಬಹುತೇಕ ವೈದ್ಯರು ಬೈಪಾಸಿನತ್ತ ವಾಲುತ್ತಾರೆ. ಇದರಲ್ಲಿ ಯಾವುದೂ ನೆರೆಮನೆಯವರು ಯಾವುದನ್ನು ಮಾಡಿಸಿಕೊಂಡರು ಎಂದು ಕೇಳಿ ತೀರ್ಮಾನಿಸುವ ವಿಷಯವಲ್ಲ.

ಪಟ್ಟಿಯಲ್ಲಿ ಎಲ್ಲರೂ ಗೊಣಗುವುದು ಎರಡು ವಾರದ ಪಥ್ಯಕ್ಕೆ. ತೂಕದವರ ಯಕೃತ್ತು ಕೊಬ್ಬಿನಿಂದ ಊದಿ ಜಠರದ ಮೇಲೆ ಮಲಗಿರುತ್ತದೆ. ಹೊಟ್ಟೆ ತೆರೆದು ಮಾಡುತ್ತಿದ್ದಾಗ ಶಸ್ತ್ರವೈದ್ಯರು ಅದನ್ನು ಕೈಯಿಂದ ಸರಿಸಬಹುದಿತ್ತು. ರಂಧ್ರದೊಳಗಿನ ಕ್ಯಾಮೆರಾಕ್ಕೆ ಆ ಸೌಕರ್ಯವಿಲ್ಲ. ಕ್ಯಾಲೊರಿ ತೀರಾ ಕಡಿಮೆಯಿರುವ ಆಹಾರದಲ್ಲಿ ಹದಿನಾಲ್ಕು ದಿನ ಕಳೆದರೆ ಯಕೃತ್ತು ಕುಗ್ಗಿ ದಾರಿ ಬಿಡುತ್ತದೆ. ನಿದ್ದೆಯ ಪರೀಕ್ಷೆಯೂ ಹೀಗೆಯೇ: ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರು ಅರಿವಳಿಕೆಯಿಂದ ಏಳುವ ಹೊತ್ತಿಗೆ ಅಪಾಯಕ್ಕೆ ಸಿಲುಕಬಹುದು. 2014ರಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಇಂಥ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಏಮ್ಸ್ ಸೇರಬೇಕಾದದ್ದನ್ನು ದೇಶವೇ ನೋಡಿತು. ಇದು ಸಣ್ಣ ಕೆಲಸವಲ್ಲ. ಈಗ ವಾರಕ್ಕೊಂದರಂತೆ ಚುಚ್ಚಿಕೊಳ್ಳುವ ಔಷಧಿಗಳೂ 2025ರಲ್ಲಿ ಭಾರತಕ್ಕೆ ಬಂದಿವೆ. ಮೊದಲು ಅದನ್ನು ನೋಡೋಣ ಎನ್ನುವವರೂ ಇದ್ದಾರೆ.

ಎಲ್ಲ ಆಯ್ಕೆಗೂ ಮೊದಲು ಬರುವುದು ಒಂದು ಅಂಕಿ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ. ಬೆಲ್ಜಿಯಂನ ಖಗೋಳಜ್ಞ ಕೆಟ್ಲೆ 1830ರ ದಶಕದಲ್ಲಿ ಈ ಲೆಕ್ಕ ಹುಡುಕಿದ್ದು ಜನಸಮೂಹದ ಸರಾಸರಿಗಾಗಿ, ರೋಗಿಗಾಗಿ ಅಲ್ಲ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅದರ ಮೇಲೆ ಗೆರೆ ಎಳೆಯಿತು: 40 ದಾಟಿರಬೇಕು, ಇಲ್ಲವೇ 35ರ ಜೊತೆಗೆ ಗಂಭೀರ ಕಾಯಿಲೆ ಇರಬೇಕು. ನಮ್ಮ ಮೈ ಈ ಗೆರೆಗೆ ಹೊಂದುವುದಿಲ್ಲ ಎಂದು ತೋರಿಸಿದವರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಪ್ರಮುಖರು. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ ಅವರೂ ತಮ್ಮನ್ನೇ ಅಳೆದುಕೊಂಡರು. ಇಬ್ಬರ ಬಿಎಂಐ 22.3, ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. 2009ರಲ್ಲಿ ಭಾರತೀಯ ತಜ್ಞರು ಕೂಡಿ ಶಸ್ತ್ರಚಿಕಿತ್ಸೆಯ ಗೆರೆಯನ್ನು 37.5ಕ್ಕೆ, ಕಾಯಿಲೆಯಿದ್ದರೆ 32.5ಕ್ಕೆ ಇಳಿಸಿದರು. 2022ರಲ್ಲಿ ಅಂತಾರಾಷ್ಟ್ರೀಯ ಸಂಘಟನೆಗಳು ಏಷ್ಯಾದವರಿಗೆ ಅದನ್ನು 27.5ರವರೆಗೂ ತಂದವು.

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಗೆ ಬರೆದ ಷರತ್ತಿನಲ್ಲಿ ಮಾತ್ರ 1991ರ ಅಮೆರಿಕದ ಗೆರೆಯೇ ಇದೆ. ಬಿಎಂಐ 40, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆ. ಅದಕ್ಕಿಂತ ಕೆಳಗಿದ್ದರೆ ವಿಮಾ ಕಂಪನಿ ಖರ್ಚು ಕೊಡಬೇಕಿಲ್ಲ. ನಾಗಪುರದ ಇತವಾರಿ ಪೇಟೆಯಲ್ಲಿ ಅಂಗಡಿ ಇಟ್ಟ ಒಬ್ಬರನ್ನು ಕಲ್ಪಿಸಿಕೊಳ್ಳಿ. ಎತ್ತರ 165 ಸೆಂಟಿಮೀಟರ್, ತೂಕ 92 ಕಿಲೋ, ಹತೋಟಿ ಮೀರಿದ ಸಕ್ಕರೆ. ಬಿಎಂಐ 33.8. ರಾಮದಾಸಪೇಟೆಯ ವೈದ್ಯರ ಪ್ರಕಾರ ಅವರಿಗೆ ಶಸ್ತ್ರಚಿಕಿತ್ಸೆ ಆಗಬಹುದು. ವಿಮೆಯ ಪ್ರಕಾರ 95.3 ಕಿಲೋ ಬೇಕು. ತೂಕ ಇಳಿಸಲೆಂದು ಬಂದವರಿಗೆ ಮೂರು ಕಿಲೋ ಮುನ್ನೂರು ಗ್ರಾಂ ಕಡಿಮೆ ಬಿದ್ದಿದೆ.