ಭಯವನ್ನು ಬಯಸಿ ಆಡುವವರು: ಸರ್ವೈವಲ್ ಹಾರರ್ ವಿಡಿಯೋ ಗೇಮ್‌ಗಳ ಒಳಹೊರಗು

ವಿಡಿಯೋ ಗೇಮ್ ಎಂದೊಡನೆ ಶತ್ರುಗಳನ್ನು ಸಾಲುಸಾಲಾಗಿ ಹೊಡೆದುರುಳಿಸಿ ಅಂಕ ಗಳಿಸುವ ಆಟವೇ ಬಹುತೇಕರ ಕಣ್ಣ ಮುಂದೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾದ ಪ್ರಕಾರವೊಂದಿದೆ. ಅದರಲ್ಲಿ ಆಟಗಾರನ ಕೈಯಲ್ಲಿರುವ ಗುಂಡುಗಳು ಬೆರಳೆಣಿಕೆಯಷ್ಟು, ದಾರಿ ಕತ್ತಲು, ಎದುರಾಗುವ ಜೀವಿ ತನಗಿಂತ ಬಲಿಷ್ಠ. ಜೀವ ಉಳಿಸಿಕೊಂಡು ಮುಂದಿನ ಕೋಣೆಯನ್ನು ತಲಪಿದರೆ ಅದೇ ಗೆಲುವು. 'ಸರ್ವೈವಲ್ ಹಾರರ್' ಎಂದು ಹೆಸರಾಗಿರುವ ಈ ಬದುಕುಳಿಯುವ ಆಟಗಳು ಮೂರು ದಶಕಗಳಿಂದ ಜಗತ್ತಿನಾದ್ಯಂತ ನಿಷ್ಠಾವಂತ ಆಟಗಾರರನ್ನು ಉಳಿಸಿಕೊಂಡಿವೆ. ಹಣ ತೆತ್ತು ಹೆದರಿಕೊಳ್ಳುವ ಈ ಹವ್ಯಾಸದ ಗುಟ್ಟೇನು? ಉತ್ತರ ಭೂತಪ್ರೇತಗಳಿಗಿಂತ ಹೆಚ್ಚಾಗಿ ಈ ಆಟಗಳು ಕಥೆ ಹೇಳುವ ರೀತಿಯಲ್ಲಿದೆ.

ಹಳೆಯ ಬಂಗಲೆಯಲ್ಲಿ ಹುಟ್ಟು

ಈ ಪ್ರಕಾರದ ಬೇರು ಜಪಾನಿನಲ್ಲಿದೆ. 1989ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆ 'ಸ್ವೀಟ್ ಹೋಮ್' ಎಂಬ ಆಟವನ್ನು ಹೊರತಂದಿತು. ಕಿಯೋಶಿ ಕುರೊಸಾವಾ ನಿರ್ದೇಶನದ ಅದೇ ಹೆಸರಿನ ಚಲನಚಿತ್ರದೊಂದಿಗೆ ಬಂದ ಆಟವಿದು. ಪಾಳುಬಿದ್ದ ಬಂಗಲೆಯೊಂದನ್ನು ಹೊಕ್ಕ ಐವರ ಕಥೆ. ಒಬ್ಬೊಬ್ಬರೂ ಕೆಲವೇ ವಸ್ತುಗಳನ್ನು ಹೊರಬಲ್ಲರು. ಒಮ್ಮೆ ಸತ್ತವರು ಮತ್ತೆ ಬರುವುದಿಲ್ಲ. ಈ ಎರಡು ನಿಯಮಗಳಲ್ಲೇ ಮುಂದಿನ ಪರಂಪರೆಯ ಬೀಜವಿತ್ತು.

1992ರಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯಿಂದ 'ಅಲೋನ್ ಇನ್ ದ ಡಾರ್ಕ್' ಬಂದಿತು. ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್‌ನ ಕಥೆಗಳಿಂದ ಪ್ರೇರಿತವಾದ ಇದನ್ನು ರೂಪಿಸಿದವರು ಫ್ರೆಡೆರಿಕ್ ರೇನಾಲ್. ಆಟ ಬಂಗಲೆಯ ಅಟ್ಟದ ಮೇಲೆ ಆರಂಭವಾಗುತ್ತದೆ. ಕಿಟಕಿಯಿಂದ ಒಳನುಗ್ಗಲಿರುವ ಜೀವಿಯೊಡನೆ ಕಾದಾಡಬಹುದು. ಜಾಣ ಆಟಗಾರ ಕಪಾಟನ್ನು ತಳ್ಳಿ ಕಿಟಕಿಗೆ ಅಡ್ಡವಿಡುತ್ತಾನೆ. ಹೋರಾಟಕ್ಕಿಂತ ಉಪಾಯ ಮೇಲು ಎಂಬ ಪಾಠ ಮೊದಲ ನಿಮಿಷದಲ್ಲೇ ಸಿಗುತ್ತದೆ.

'ಸರ್ವೈವಲ್ ಹಾರರ್' ಎಂಬ ಹೆಸರು ಬಳಕೆಗೆ ಬಂದದ್ದು 1996ರ 'ರೆಸಿಡೆಂಟ್ ಈವಿಲ್'ನಿಂದ. ಜಪಾನಿನಲ್ಲಿ 'ಬಯೋಹಜಾರ್ಡ್' ಎಂದು ಕರೆಯಲಾಗುವ ಇದರ ನಿರ್ದೇಶಕ ಶಿಂಜಿ ಮಿಕಾಮಿ. 'ಸ್ವೀಟ್ ಹೋಮ್' ನಿರ್ದೇಶಿಸಿದ್ದ ತೊಕುರೊ ಫುಜಿವಾರಾ ಅವರೇ ಆ ಆಟದ ಕ್ರಮಗಳನ್ನು ಆಧರಿಸಿ ಹೊಸದೊಂದನ್ನು ಮಾಡುವ ಹೊಣೆಯನ್ನು ಮಿಕಾಮಿಗೆ ವಹಿಸಿದ್ದರು.

ಕೊರತೆಯೇ ಭಯದ ಮೂಲ

'ರೆಸಿಡೆಂಟ್ ಈವಿಲ್'ನಲ್ಲಿ ಕ್ರಿಸ್ ಎಂಬ ಪಾತ್ರವನ್ನು ಆಯ್ದುಕೊಂಡವರಿಗೆ ಆರು ವಸ್ತುಗಳನ್ನು, ಜಿಲ್ ಎಂಬಾಕೆಯನ್ನು ಆಯ್ದುಕೊಂಡವರಿಗೆ ಎಂಟು ವಸ್ತುಗಳನ್ನು ಮಾತ್ರ ಒಯ್ಯಲು ಅವಕಾಶ. ಬಂದೂಕು, ಗುಂಡು, ಔಷಧದ ಗಿಡಮೂಲಿಕೆ, ಬಾಗಿಲಿನ ಕೀಲಿ ಎಲ್ಲಕ್ಕೂ ಅದರಲ್ಲೇ ಜಾಗವಾಗಬೇಕು. ಆಟವನ್ನು ಉಳಿಸಿಡಲು ಕೂಡ ಟೈಪ್‌ರೈಟರ್ ಬಳಿಗೆ ಹೋಗಿ ಒಂದು ರಿಬ್ಬನ್ ವ್ಯಯಿಸಬೇಕು. ರಿಬ್ಬನ್‌ಗಳೂ ಮಿತವಾಗಿಯೇ ಸಿಗುತ್ತವೆ. ಹೀಗಾಗಿ ಎದುರಿಗೆ ಬಂದ ಶವವನ್ನು ಸುಡುವ ಗುಂಡಿನಿಂದ ಕೆಡಹಬೇಕೋ, ಪಕ್ಕದಿಂದ ನುಸುಳಿ ಓಡಬೇಕೋ ಎಂಬುದು ಪ್ರತಿ ಓಣಿಯಲ್ಲೂ ಲೆಕ್ಕಾಚಾರವಾಗುತ್ತದೆ. ಇಂದು ಖರ್ಚಾದ ಗುಂಡು ನಾಳೆ ಸಿಗುವುದಿಲ್ಲ.

ಕ್ಯಾಮೆರಾ ಕೂಡ ಆಟಗಾರನ ಅಧೀನದಲ್ಲಿರಲಿಲ್ಲ. ಕೋಣೆಯ ಮೂಲೆಯಲ್ಲಿ ಸ್ಥಿರವಾಗಿ ನಿಂತ ದೃಷ್ಟಿಕೋನದಿಂದ ತಿರುವಿನಾಚೆ ಏನಿದೆಯೆಂದು ಕಾಣದು. ಹೆಜ್ಜೆಯ ಸದ್ದು ಮಾತ್ರ ಕೇಳುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಬಾಗಿಲು ನಿಧಾನವಾಗಿ ತೆರೆಯುವ ದೃಶ್ಯವಂತೂ ಪ್ರಸಿದ್ಧ. ಮುಂದಿನ ಕೋಣೆಯ ಚಿತ್ರಗಳನ್ನು ಡಿಸ್ಕ್‌ನಿಂದ ಓದಲು ಯಂತ್ರಕ್ಕೆ ಬೇಕಾದ ಸಮಯವನ್ನು ಮರೆಮಾಚಲು ಹೂಡಿದ ಉಪಾಯವದು. ಆದರೆ ಆಟಗಾರನಿಗೆ ಅದು ಉಸಿರು ಬಿಗಿಹಿಡಿಯುವ ಕ್ಷಣವಾಯಿತು.

ಮಂಜು ಮುಸುಕಿದ ಊರು

ತಂತ್ರಜ್ಞಾನದ ಮಿತಿಯೇ ಕಲೆಯಾದ ಇನ್ನೂ ದೊಡ್ಡ ನಿದರ್ಶನ 1999ರಲ್ಲಿ ಕೊನಾಮಿ ಸಂಸ್ಥೆ ಹೊರತಂದ 'ಸೈಲೆಂಟ್ ಹಿಲ್'. ಮೊದಲ ಪ್ಲೇಸ್ಟೇಷನ್‌ಗೆ ಇಡೀ ಊರನ್ನು ದೂರದವರೆಗೆ ಚಿತ್ರಿಸುವ ಶಕ್ತಿಯಿರಲಿಲ್ಲ. ನಿರ್ಮಾಪಕರು ಊರಿಗೆ ದಟ್ಟ ಮಂಜು ಕವಿಸಿದರು. ಕಳೆದುಹೋದ ಮಗಳನ್ನು ಅರಸುವ ತಂದೆಗೆ ಕೆಲವು ಮಾರು ಆಚೆಗಿನದ್ದು ಕಾಣದು. ಅವನ ಜೇಬಿನ ರೇಡಿಯೋ ಮಾತ್ರ ಜೀವಿಗಳು ಸಮೀಪಿಸಿದಾಗ ಗರಗರ ಸದ್ದು ಮಾಡುತ್ತದೆ. ಅಪಾಯ ಹತ್ತಿರದಲ್ಲಿದೆ ಎಂಬುದು ತಿಳಿಯುತ್ತದೆ, ಯಾವ ದಿಕ್ಕಿನಲ್ಲಿ ಎಂಬುದು ತಿಳಿಯುವುದಿಲ್ಲ. ಅಕಿರಾ ಯಾಮಾಒಕಾ ಅವರ ಸಂಗೀತ ಈ ಆತಂಕಕ್ಕೆ ಜೊತೆಯಾಯಿತು.

2001ರಲ್ಲಿ ಬಂದ 'ಸೈಲೆಂಟ್ ಹಿಲ್ 2' ಈ ಪ್ರಕಾರದ ಶಿಖರವೆಂದು ಅನೇಕ ವಿಮರ್ಶಕರು ಪರಿಗಣಿಸುತ್ತಾರೆ. (ಆಡುವ ಇರಾದೆಯುಳ್ಳ ಓದುಗರು ಮುಂದಿನ ಎರಡು ಪ್ಯಾರಾಗಳನ್ನು ದಾಟಿ ಹೋಗಬಹುದು, ಕಥೆಯ ರಹಸ್ಯ ಅಲ್ಲಿ ಬಯಲಾಗುತ್ತದೆ.) ಜೇಮ್ಸ್ ಸಂಡರ್‌ಲ್ಯಾಂಡ್ ಎಂಬಾತನಿಗೆ ಪತ್ನಿ ಮೇರಿಯಿಂದ ಪತ್ರ ಬರುತ್ತದೆ. ಆಕೆ ಮೂರು ವರ್ಷಗಳ ಹಿಂದೆಯೇ ಕಾಯಿಲೆಯಿಂದ ತೀರಿಕೊಂಡಳೆಂದು ಅವನು ನಂಬಿದ್ದಾನೆ. ಪತ್ರದ ಕರೆಗೆ ಓಗೊಟ್ಟು ಊರಿಗೆ ಬಂದವನಿಗೆ ಮೇರಿಯನ್ನೇ ಹೋಲುವ ಮರಿಯಾ ಎಂಬಾಕೆ ಎದುರಾಗುತ್ತಾಳೆ. ಲೋಹದ ತ್ರಿಕೋನ ಶಿರಸ್ತ್ರಾಣ ಧರಿಸಿದ ದೈತ್ಯನೊಬ್ಬ ಬೆನ್ನಟ್ಟುತ್ತಾನೆ. ಕಥೆಯ ಕೊನೆಗೆ ನಿಜ ಹೊರಬೀಳುತ್ತದೆ: ರೋಗಶಯ್ಯೆಯಲ್ಲಿದ್ದ ಪತ್ನಿಯನ್ನು ದಿಂಬಿನಿಂದ ಉಸಿರುಗಟ್ಟಿಸಿ ಕೊಂದವನು ಜೇಮ್ಸನೇ. ಆ ದೈತ್ಯ ಅವನ ಪಾಪಪ್ರಜ್ಞೆ ಬಯಸಿದ ಶಿಕ್ಷೆ.

ಮೂಲ ಆಟದ ಅಂತ್ಯ ನಿರ್ಧಾರವಾಗುವ ಬಗೆ ಇನ್ನಷ್ಟು ಸೂಕ್ಷ್ಮ. ಯಾವ ಅಂತ್ಯ ಬೇಕೆಂದು ಆಟ ಎಲ್ಲಿಯೂ ಕೇಳುವುದಿಲ್ಲ. ಆಟಗಾರನ ನಡವಳಿಕೆಯನ್ನು ಮೌನವಾಗಿ ಗಮನಿಸುತ್ತದೆ. ಗಾಯಗೊಂಡರೂ ಔಷಧ ಹಾಕಿಕೊಳ್ಳದೆ ಅಲೆದರೆ, ಬೇರೊಬ್ಬ ನೊಂದ ಹೆಣ್ಣುಮಗಳಿಂದ ಪಡೆದ ಚಾಕುವನ್ನು ತೆಗೆದು ನೋಡಿದರೆ, ಜೇಮ್ಸ್ ಬದುಕಲು ಬಯಸುತ್ತಿಲ್ಲವೆಂದು ಆಟ ಅರ್ಥಮಾಡಿಕೊಂಡು ಅವನನ್ನು ಸಾವಿನತ್ತ ಒಯ್ಯುತ್ತದೆ. ಮೇರಿಯ ಭಾವಚಿತ್ರ ಮತ್ತು ಪತ್ರವನ್ನು ನೋಡಿ ದೇಹವನ್ನೂ ಜೋಪಾನ ಮಾಡಿಕೊಂಡರೆ ಊರು ಬಿಟ್ಟು ಹೊರಡುವ ದಾರಿ ತೆರೆಯುತ್ತದೆ. ಮರಿಯಾಳ ಬಳಿಯೇ ಉಳಿದು ಕಾಪಾಡಿದವರಿಗೆ ಮೂರನೆಯ ಅಂತ್ಯ. ತಾನು ಅರಿವಿಲ್ಲದೆ ಮಾಡಿದ್ದೇ ತೀರ್ಪಾಯಿತೆಂದು ತಿಳಿದಾಗ ಆಗುವ ಬೆಚ್ಚು ಯಾವ ದೈತ್ಯನಿಂದಲೂ ಆಗದು.

ಈ ಆಟವನ್ನು ಪೋಲೆಂಡಿನ ಬ್ಲೂಬರ್ ಟೀಮ್ ಸಂಸ್ಥೆ 2024ರಲ್ಲಿ ಹೊಸದಾಗಿ ನಿರ್ಮಿಸಿತು. ಎರಡು ದಶಕಗಳ ಹಿಂದಿನ ಕಥೆ ಹೊಸ ಪೀಳಿಗೆಯ ಆಟಗಾರರನ್ನು ತಲಪಲು ಅದು ನೆರವಾಯಿತು.

ಆಯುಧವಿಲ್ಲದ ಕೈ

2005ರ 'ರೆಸಿಡೆಂಟ್ ಈವಿಲ್ 4' ಕ್ಯಾಮೆರಾವನ್ನು ನಾಯಕನ ಹೆಗಲ ಹಿಂದೆ ತಂದು ನಿಲ್ಲಿಸಿತು. ಆಟ ಅಪಾರ ಯಶಸ್ಸು ಕಂಡರೂ, ಪ್ರಕಾರದ ಒಲವು ಕ್ರಮೇಣ ಗುಂಡಿನ ಕಾಳಗದತ್ತ ವಾಲಿತು. ಕಾಳಗವನ್ನೇ ಬೇರೆ ಬಗೆಯಲ್ಲಿ ಕಂಡ ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತು. ಜಪಾನಿನ ಟೆಕ್ಮೊ ಸಂಸ್ಥೆಯ 'ಫೇಟಲ್ ಫ್ರೇಮ್' (2001) ಆಟದಲ್ಲಿ ದೆವ್ವಗಳ ವಿರುದ್ಧದ ಏಕೈಕ ಅಸ್ತ್ರ ಒಂದು ಹಳೆಯ ಕ್ಯಾಮೆರಾ. ಪ್ರೇತ ಎಷ್ಟು ಸಮೀಪ ಬರುತ್ತದೋ ಛಾಯಾಚಿತ್ರದ ಪೆಟ್ಟು ಅಷ್ಟು ಬಲ. ಕಣ್ಣು ಮುಚ್ಚಿಕೊಳ್ಳಬೇಕೆನಿಸುವ ಹೊತ್ತಿನಲ್ಲೇ ಕಣ್ಣು ಬಿಟ್ಟು ನೋಡಬೇಕು.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ರೂಪಿಸಿದ 'ಅಮ್ನೇಶಿಯಾ: ದ ಡಾರ್ಕ್ ಡಿಸೆಂಟ್' (2010) ಆಯುಧವನ್ನೇ ಕಿತ್ತುಕೊಂಡಿತು. ಓಡುವುದು, ಅಡಗುವುದು, ಇವೆರಡೇ ಉಪಾಯ. ಅಡಗಲು ಕತ್ತಲು ಬೇಕು, ಕತ್ತಲಲ್ಲಿ ಇದ್ದಷ್ಟೂ ನಾಯಕನ ಮನಸ್ಸು ಕದಡುತ್ತದೆ. ದೀಪ ಹಚ್ಚಿದರೆ ಎಣ್ಣೆ ತೀರುತ್ತದೆ, ಜೀವಿಗಳ ಕಣ್ಣಿಗೂ ಬೀಳಬೇಕಾಗುತ್ತದೆ. ಇಲ್ಲಿಯೂ ನಾಯಕ ಮರೆತಿರುವುದು ತನ್ನದೇ ಅಪರಾಧವನ್ನು.

2013ರ 'ದ ಲಾಸ್ಟ್ ಆಫ್ ಅಸ್' ಕೊರತೆಯ ನಿಯಮವನ್ನು ಭಾವನಾಪ್ರಧಾನ ಕಥೆಗೆ ಹೊಂದಿಸಿದ ಅಮೆರಿಕದ ಆಟ. ಬಟ್ಟೆಚೂರು ಮತ್ತು ಆಲ್ಕೋಹಾಲ್ ಸೇರಿಸಿದರೆ ಗಾಯಕ್ಕೆ ಪಟ್ಟಿಯಾಗುತ್ತದೆ. ಅವೇ ವಸ್ತುಗಳಿಂದ ಬೆಂಕಿ ಬಾಂಬ್ ಕೂಡ ಆಗುತ್ತದೆ. ಬದುಕಿಸುವುದೋ ಕೊಲ್ಲುವುದೋ ಎಂಬ ಆಯ್ಕೆ ಚೀಲದೊಳಗೇ ಇದೆ. ಮಗಳನ್ನು ಕಳೆದುಕೊಂಡ ಜೋಯಲ್ ಮತ್ತು ಹದಿನಾಲ್ಕರ ಎಲ್ಲಿಯ ಈ ಕಥೆ 2023ರಲ್ಲಿ ಎಚ್‌ಬಿಒ ಧಾರಾವಾಹಿಯಾಗಿ, ಆಟವನ್ನು ಮುಟ್ಟದವರ ಮನೆಗಳನ್ನೂ ಪ್ರವೇಶಿಸಿತು.

ಹೆದರಿಕೆಯಲ್ಲಿ ಸೊಗಸೇನು?

ಭಯವನ್ನು ಆಸ್ವಾದಿಸುವುದು ನಮ್ಮ ಕಾವ್ಯಮೀಮಾಂಸೆಗೆ ಹೊಸತಲ್ಲ. ಭರತನ ನಾಟ್ಯಶಾಸ್ತ್ರ ಭಯಾನಕವನ್ನು ರಸಗಳಲ್ಲಿ ಒಂದೆಂದು ಎಣಿಸಿದೆ. ಅದರ ಸ್ಥಾಯಿಭಾವ ಭಯ. ರಂಗದ ಮೇಲಿನ ಭಯ ಪ್ರೇಕ್ಷಕನ ಸ್ವಂತದ್ದಲ್ಲವಾದ್ದರಿಂದಲೇ ಅದು ಆಸ್ವಾದ್ಯ. ವಿಡಿಯೋ ಗೇಮ್ ಆ ಅಂತರವನ್ನು ಅರ್ಧಕ್ಕೆ ಇಳಿಸುತ್ತದೆ. ಸಿನಿಮಾದಲ್ಲಿ ನಾಯಕಿ ನೆಲಮಾಳಿಗೆಗೆ ಇಳಿಯುವಾಗ 'ಹೋಗಬೇಡ' ಎನ್ನಬಹುದು. ಆಟದಲ್ಲಿ ಗುಂಡಿ ಒತ್ತಿ ಮೆಟ್ಟಿಲಿಳಿಯಬೇಕಾದವರು ನಾವೇ. ಕಂಟ್ರೋಲರ್ ಕೆಳಗಿಟ್ಟರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮುಂದಿಟ್ಟ ಪ್ರತಿ ಹೆಜ್ಜೆಯೂ ಪುಟ್ಟ ಧೈರ್ಯ. ಮಾಡಿದ ಪ್ರತಿ ಕೃತ್ಯದಲ್ಲೂ ಆಟಗಾರನಿಗೆ ಪಾಲು.

ಈ ಕುರಿತು ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನಗಳು ಗಮನಾರ್ಹ. ಭೂತಬಂಗಲೆ ಮಾದರಿಯ ಮನರಂಜನಾ ತಾಣಕ್ಕೆ ಭೇಟಿಯಿತ್ತವರ ಹೃದಯ ಬಡಿತವನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೀರಾ ಕಡಿಮೆ ಭಯವೂ ತೀರಾ ಹೆಚ್ಚು ಭಯವೂ ಸಂತೋಷ ಕೊಡುವುದಿಲ್ಲ, ನಡುವಣ ಹದವೊಂದಿದೆ. ಆಟಗಾರ ದೀಪ ಹೊತ್ತಿಸಿ, ಧ್ವನಿ ತಗ್ಗಿಸಿ, ಬೇಕೆಂದಾಗ ನಿಲ್ಲಿಸಿ ಈ ಹದವನ್ನು ತಾನೇ ಕಾಯ್ದುಕೊಳ್ಳಬಲ್ಲ. ಭಯಾನಕ ಚಿತ್ರಗಳ ಅಭಿಮಾನಿಗಳು ಕೋವಿಡ್ ದಿನಗಳಲ್ಲಿ ಕಡಿಮೆ ಮಾನಸಿಕ ಯಾತನೆ ಅನುಭವಿಸಿದರೆಂದು 2021ರ ಮತ್ತೊಂದು ಸಮೀಕ್ಷೆ ಹೇಳಿತು. ಅದು ಚಲನಚಿತ್ರಗಳನ್ನು ಕುರಿತದ್ದು, ಕಾರಣವನ್ನು ಸಿದ್ಧಪಡಿಸುವಂಥದ್ದೂ ಅಲ್ಲ. ಆದರೂ ಕೃತಕ ಭಯ ಮನಸ್ಸಿಗೊಂದು ತಾಲೀಮು ಎಂಬ ಊಹೆಗೆ ಅದು ಪುಷ್ಟಿ ನೀಡುತ್ತದೆ.

ಎಚ್ಚರದ ಮಾತು

ಈ ಆಟಗಳು ಮಕ್ಕಳಿಗಲ್ಲ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಇಎಸ್‌ಆರ್‌ಬಿ ವರ್ಗೀಕರಣದಲ್ಲಿ 'ರೆಸಿಡೆಂಟ್ ಈವಿಲ್', 'ಸೈಲೆಂಟ್ ಹಿಲ್ 2', 'ದ ಲಾಸ್ಟ್ ಆಫ್ ಅಸ್' ಮೂರಕ್ಕೂ 'ಎಂ' ಗುರುತಿದೆ. ಅಂದರೆ 17 ವರ್ಷ ಮೇಲ್ಪಟ್ಟವರಿಗೆ. ಖರೀದಿಸುವ ಮುನ್ನ ಪೋಷಕರು ಈ ಗುರುತನ್ನು ನೋಡುವುದು ಒಳಿತು. ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡವರಿಗೆ, ಆತ್ಮಹತ್ಯೆಯ ಪ್ರಸ್ತಾಪದಿಂದ ನೋಯುವವರಿಗೆ 'ಸೈಲೆಂಟ್ ಹಿಲ್ 2'ರಂತಹ ಕಥೆ ಭಾರವಾಗಬಹುದು.

ಹೊಸದಾಗಿ ಆರಂಭಿಸುವವರು 'ರೆಸಿಡೆಂಟ್ ಈವಿಲ್ 2'ರ 2019ರ ಮರುರೂಪವನ್ನು ಆಯ್ದುಕೊಳ್ಳಬಹುದು. ಅದರಲ್ಲಿ ಹಳೆಯ ಕೊರತೆಯ ಲೆಕ್ಕಾಚಾರವೂ ಹೊಸ ಕ್ಯಾಮೆರಾದ ಸಲೀಸೂ ಕೂಡಿವೆ. ಕಥೆಯೇ ಮುಖ್ಯವೆನ್ನುವವರು ನೇರವಾಗಿ ಸೈಲೆಂಟ್ ಹಿಲ್‌ನ ಮಂಜಿನೊಳಗೆ ಕಾಲಿಡಬಹುದು. ದೈತ್ಯರ ರೂಪ ಕಾಲಕ್ರಮದಲ್ಲಿ ಹಳತಾಗುತ್ತದೆ, ಚಿತ್ರಗಳೂ ಮಂಕಾಗುತ್ತವೆ. ಪತ್ನಿಯ ಪತ್ರ ಹಿಡಿದು ಊರಿಗೆ ಬಂದವನ ಸಂಕಟ ಮಾತ್ರ ಇಂದಿಗೂ ಆಟಗಾರನನ್ನು ಬಿಡದೆ ಕಾಡುತ್ತದೆ.